ಸಿದ್ದಾಪುರದ ಬಾಡಿಗೆ ಪುಸ್ತಕದ ಅಂಗಡಿ, ಅಲ್ಲಿ ಸಿಕ್ಕಿದ ಮಾಲ್ಕಮ್ ಎಕ್ಸ್

ಕೊಡಗಿನ ಸಿದ್ದಾಪುರ ಪೇಟೆಲಿ ಪುಸ್ತಕ ಬಾಡಿಗೆಗೆ ಕೊಡೋ ಅಂಗಡಿ ಒಂದಿದೆ, ಒಂದೇ ಶಟರ್, ಪಕ್ಕದಲ್ಲಿ ಕರಿಮೆಣಸು ತಗೊಳೋರು, ಬೋರ್ಡೂ ಇಲ್ಲ ಏನೂ ಇಲ್ಲ, ಅದಕ್ಕೇ ತುಂಬಾ ಜನಕ್ಕೆ ಗೊತ್ತಿಲ್ಲ. ರಿಟೈರ್ಡ್ ಮಾಷ್ಟ್ರು ಒಬ್ರು ನಡೆಸ್ತಾರೆ. ಡೆಪಾಸಿಟ್ 200 ರೂಪಾಯಿ, ತಿಂಗಳಿಗೆ 50, ಒಂದು ಸಲಕ್ಕೆ ಎರಡು ಪುಸ್ತಕ, 15 ದಿನ ಇಟ್ಕೊಬಹುದು. ನಾನು ಎಂಟು ತಿಂಗಳಿಂದ ಮೆಂಬರ್.

ನಾನು ಇಲ್ಲೇ ಒಂದು ಕಾಫಿ ತೋಟದಲ್ಲಿ ಚೆಕ್‌ರೋಲ್ (ಕೆಲಸದೋರ ಹಾಜರಿ ಪುಸ್ತಕ) ಬರೆಯೋನು. ಲೈನ್‌ಮನೆಲಿ (ತೋಟದ ಕೆಲಸದೋರ ಸಾಲುಮನೆ) ಹುಟ್ಟಿ ಬೆಳೆದೋನು, ಪಿಯುಸಿ ತನಕ ಓದಿದೀನಿ. ಜೂನ್‌ನಲ್ಲಿ ಒಂದಿನ ಮಳೆ ಹಿಡ್ಕೊಂಡು ಬಿಡ್ಲೇ ಇಲ್ಲ, ನಿಲ್ಲೋಕೆ ಅಂತ ಈ ಅಂಗಡಿಗೆ ನುಗ್ಗಿದೆ, ಮೇಲಿನ ಸಾಲಲ್ಲಿ ಕನ್ನಡಕ ಹಾಕಿ ಬೆರಳು ಎತ್ತಿ ಮಾತಾಡ್ತಿರೋ ಒಬ್ರ ಫೋಟೋ ಇರೋ ಪುಸ್ತಕ ಕಾಣ್ತು, ಅಮೆರಿಕದಲ್ಲಿ ಕರಿಯರ ಹಕ್ಕಿಗೆ ಹೋರಾಡಿದ ಮಾಲ್ಕಮ್ ಎಕ್ಸ್ ಅವ್ರ ಆತ್ಮಕಥೆ. "ಈ ಎಕ್ಸ್ ಅಂದ್ರೆ ಏನ್ ಮಾಷ್ಟ್ರೇ, ಇನಿಷಿಯಲ್ಲಾ?" ಅಂದೆ. "ಅಲ್ಲ ಮಾರಾಯ, ಅದು ಕಳ್ದೋಗಿರೋ ಹೆಸ್ರು, ತಗೊಂಡೋಗಿ ಓದು" ಅಂದ್ರು. ಇಂಗ್ಲಿಷ್ ನಂಗೆ ಅಷ್ಟಕ್ಕಷ್ಟೇ ಅಂದಿದ್ದಕ್ಕೆ ಇಂಗ್ಲಿಷ್ ಕನ್ನಡ ಡಿಕ್ಷನರಿನೂ ಕೈಗಿಟ್ರು, ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ, ದುಡ್ಡೂ ತಗೊಳ್ಳಿಲ್ಲ. ಈ ಒಂದು ಕೆಲಸಕ್ಕೇ ಅಂಗಡಿಗೆ ಫುಲ್ ಮಾರ್ಕ್ಸ್ ಕೊಡ್ತೀನಿ.

ಯಾಕಂದ್ರೆ ಮಾಲ್ಕಮ್ ಎಕ್ಸ್ ಓದೋಕೆ ಕಲ್ತಿದ್ದೂ ಹಿಂಗೇ. ಎಂಟನೇ ಕ್ಲಾಸಲ್ಲಿ ಲಾಯರ್ ಆಗ್ತೀನಿ ಅಂದಿದ್ದಕ್ಕೆ ಮೇಷ್ಟ್ರು ಅದು ಕರಿಯರಿಗೆ ಆಗೋ ಮಾತಲ್ಲ, ಬಡಗಿ ಕೆಲಸ ಕಲಿ ಅಂದ್ರಂತೆ. (ನಮ್ಮ ಅಪ್ಪಂಗೂ ಒಬ್ರು ಹೇಳಿದ್ರು, ಲೈನ್ ಮಕ್ಳಿಗೆ ಕಾಲೇಜ್ ಯಾಕೆ ಕುಯ್ಲಿಗೆ ಕಳ್ಸು ಅಂತ, ನಾನು ಪಕ್ಕದಲ್ಲೇ ನಿಂತಿದ್ದೆ.) ಆಮೇಲೆ ಕಳ್ಳತನದ ಕೇಸಲ್ಲಿ 1946ರಿಂದ 1952ರ ತನಕ ಜೈಲು. ಅಲ್ಲಿ ಡಿಕ್ಷನರಿನ ಮೊದಲ ಪುಟದಿಂದ ಹಿಡಿದು ಕೈಲಿ ಕಾಪಿ ಮಾಡ್ಕೊಂಡು ಪದ ಕಲ್ತಿದಾರೆ, ರಾತ್ರಿ 10ಕ್ಕೆ ಲೈಟ್ ಆರಿಸಿದ್ಮೇಲೆ ನೆಲದ ಮೇಲೆ ಕೂತು ಕಾರಿಡಾರಿಂದ ಬೀಳೋ ಬೆಳಕಲ್ಲಿ ಓದೋದು, ಗಾರ್ಡ್ ಬಂದ ಸದ್ದಾದ್ರೆ ಹಾಸಿಗೆಗೆ ಹಾರಿ ಮಲಗ್ದಂಗೆ ಮಾಡೋದು, ಅವ್ನು ಹೋದ್ಮೇಲೆ ಮತ್ತೆ ಓದೋದು, ಬೆಳಗಿನ ಜಾವ ಮೂರು ನಾಲ್ಕರ ತನಕ. ನಾನು ಈ ಪುಟ ಓದುವಾಗ ನಮ್ಮಲ್ಲಿ ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ, ಟಾರ್ಚ್ ಹಿಡ್ಕೊಂಡು ಓದ್ತಿದ್ದೆ, ಪುಸ್ತಕ ಮುಚ್ಚೋಕೆ ಮನಸ್ಸೇ ಬರ್ಲಿಲ್ಲ.

ಆ ಎಕ್ಸ್ ಕಥೆ ಏನಂದ್ರೆ, ಹುಟ್ಟಿದ ಹೆಸ್ರು ಮಾಲ್ಕಮ್ ಲಿಟಲ್. ಲಿಟಲ್ ಅನ್ನೋದು ಅವ್ರ ಹಿಂದಿನೋರನ್ನ ಗುಲಾಮರಾಗಿ ಇಟ್ಕೊಂಡಿದ್ದ ಮಾಲೀಕನ ಹೆಸ್ರು, ಆಫ್ರಿಕಾದ ನಿಜವಾದ ಹೆಸ್ರು ಗೊತ್ತಿಲ್ಲ, ಆ ಗೊತ್ತಿಲ್ಲದ ಹೆಸ್ರಿನ ಜಾಗಕ್ಕೆ ಎಕ್ಸ್. ಇದನ್ನ ಓದಿ ಮಾರನೇ ದಿನ ಚೆಕ್‌ರೋಲ್ ತೆಗೆದ್ರೆ ನನ್ನ ಅಕ್ಷರದಲ್ಲೇ ಇದೆ: ಬೋಜ 1, ಬೋಜ 2, ಕರಿಯನ ಹೆಂಡ್ತಿ. ನಂಗಿಂತ ಮುಂಚೆ ಇದ್ದ ರೈಟರ್ ಬರೆದಂಗೇ ನಾನೂ ನಾಲ್ಕು ವರ್ಷ ಬರ್ಕೊಂಡು ಬಂದಿದೀನಿ. ಹೊಟ್ಟೆಲಿ ಏನೋ ಆಯ್ತು. ಆ ವಾರ ಸಂಬಳ ಬಟವಾಡೆ ದಿನ ಒಬ್ಬೊಬ್ರ ಹತ್ರನೂ ಪೂರ್ತಿ ಹೆಸ್ರು ಕೇಳಿ ಹೊಸ ಪುಟದಲ್ಲಿ ಬರೆದೆ. ಕರಿಯನ ಹೆಂಡ್ತಿ ಅಂತಿದ್ದ ಅಜ್ಜಿ ಹೆಸ್ರು ಜಾಜಿ. "ಎಲ್ಲಿ ಬರ್ದೆ ತೋರ್ಸು ಮಗ" ಅಂದ್ರು, ತೋರಿಸ್ದೆ, ಓದೋಕೆ ಬರಲ್ಲ ಅವ್ರಿಗೆ, ಆದ್ರೂ ಬೆರಳಿಟ್ಟು ತುಂಬಾ ಹೊತ್ತು ನೋಡಿದ್ರು.

ಅಂಗಡಿಗೆ ಬರೋ ಇನ್ನೊಬ್ರು ನನ್ನ ಕೈಲಿ ಪುಸ್ತಕ ನೋಡಿ ಇವ್ನು ಹೊಡಿ ಬಡಿ ಅಂದೋನಲ್ವಾ, ಅಹಿಂಸೆ ದಾರಿಲಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಓದು ಅಂದ್ರು. ನಾನು ಒಪ್ಪಲ್ಲ. ಹೊಡಿಯೋಕೆ ಬಂದ್ರೆ ನಮ್ಮನ್ನ ಕಾಪಾಡ್ಕೊಳೋ ಹಕ್ಕು ನಮಗೂ ಇದೆ ಅಂದಿದ್ದು ಅವ್ರು, ಚಿಕ್ಕೋರಿದ್ದಾಗ 1929ರಲ್ಲಿ ಮನೆ ಹೊತ್ತಿ ಉರೀತಿದ್ರೆ ಬಿಳಿ ಪೊಲೀಸ್ರು ಫೈರ್‌ನವ್ರು ನಿಂತು ನೋಡ್ತಿದ್ರು ಅಂತ ಬರ್ದಿದಾರೆ, ಅದನ್ನ ಓದ್ತಾ ನಂಗೆ 2016ರ ಡಿಸೆಂಬರಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಲಿ ಆದಿವಾಸಿಗಳ ಗುಡಿಸಲು ಕಿತ್ತಾಕಿದ್ದು ನೆನಪಾಯ್ತು. ಬಿಳಿಯರೆಲ್ಲಾ ಸೈತಾನರು ಅಂತಿದ್ದೋರು 1964ರಲ್ಲಿ ಹಜ್‌ಗೆ ಹೋಗಿ ಎಲ್ಲಾ ಬಣ್ಣದೋರ ಜೊತೆ ಒಂದೇ ತಟ್ಟೆಲಿ ಉಂಡು ಬಂದು ನನ್ನ ಮಾತು ತಪ್ಪಾಗಿತ್ತು ಅಂತ ಬಾಯ್ಬಿಟ್ಟು ಹೇಳಿದ್ರು, ಎಷ್ಟು ಲೀಡರ್‌ಗಳಿಗೆ ಆಗುತ್ತೆ ಇದು? ಕಿಂಗ್ ಅವ್ರನ್ನ ಭೇಟಿ ಆಗಿದ್ದೂ ಜೀವನದಲ್ಲಿ ಒಂದೇ ಸಲ, 1964 ಮಾರ್ಚ್ 26, ಒಂದು ನಿಮಿಷ ಅಷ್ಟೇ.

1965 ಫೆಬ್ರವರಿ 21ಕ್ಕೆ ನ್ಯೂಯಾರ್ಕಲ್ಲಿ ಭಾಷಣ ಶುರು ಮಾಡ್ತಿದ್ದಂಗೆ ಗುಂಡು ಹೊಡೆದ್ರು, ವಯಸ್ಸು 39. ಈ ಪುಸ್ತಕ ಹಾಕ್ತೀವಿ ಅಂದಿದ್ದ ಕಂಪನಿ ಹೆದರಿ ಕೈಬಿಡ್ತು, ಬೇರೆಯವ್ರು ಅದೇ ವರ್ಷ ತಂದ್ರು, ಇಲ್ದಿದ್ರೆ ಸಿದ್ದಾಪುರದ ತನಕ ಎಲ್ಲಿ ಬರ್ತಿತ್ತು. ಮುಂದಿನ ವರ್ಷ ಅವ್ರ ಮಾತು ಕೇಳಿ ಬೆಳೆದ ಹುಡುಗ್ರು ಓಕ್‌ಲ್ಯಾಂಡಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಕಟ್ಟಿದ್ರು, ಆ ಹೆಸ್ರು ನೋಡಿ 1972ರಲ್ಲಿ ಬಾಂಬೆಲಿ ದಲಿತ್ ಪ್ಯಾಂಥರ್ಸ್ ಆಯ್ತು, ಅದೇ ದಶಕದಲ್ಲಿ ನಮ್ಮಲ್ಲಿ ಬಿ. ಕೃಷ್ಣಪ್ಪನವ್ರ ದಲಿತ ಸಂಘರ್ಷ ಸಮಿತಿ.

ಅಂಗಡಿ ಬಗ್ಗೆ ಕಂಪ್ಲೇಂಟೂ ಇದೆ. ಸಂಜೆ 5:30ಕ್ಕೆ ಶಟರ್ ಎಳೀತಾರೆ, ತೋಟದ ಕೆಲಸ ಬಿಟ್ಟು ಬರೋರಿಗೆ ಸಿಗಲ್ಲ, ಸಂತೆ ದಿನವಾದ್ರೂ 7ರ ತನಕ ಇಡ್ಬೇಕು. ಥಂಡಿಗೆ ಪುಟ ಅಂಟ್ಕೊಂಡಿರುತ್ತೆ, ನಂಗೆ ಸಿಕ್ಕಿದ ಕಾಪಿಲಿ ಹತ್ತು ಪುಟ ಬ್ಲೇಡಲ್ಲಿ ಬಿಡಿಸ್ಕೊಂಡು ಓದಿದೀನಿ. ಕಾಪಿನೂ ಹಳೇದು, ಆಮೇಲೆ ಆಗಿದ್ದು ಅದ್ರಲ್ಲಿಲ್ಲ. ಮಾಲ್ಕಮ್ ಎಕ್ಸ್ ಕೊಲೆ ಕೇಸಲ್ಲಿ ಶಿಕ್ಷೆ ಆದ ಮೂರು ಜನದಲ್ಲಿ ಇಬ್ರು ತಪ್ಪೇ ಮಾಡಿರ್ಲಿಲ್ಲ ಅಂತ 2021ರಲ್ಲಿ ಕೋರ್ಟ್ ಶಿಕ್ಷೆ ರದ್ದು ಮಾಡ್ತು, ಇಬ್ರೂ ಜೈಲಲ್ಲಿ 20 ವರ್ಷಕ್ಕಿಂತ ಜಾಸ್ತಿ ಕಳೆದಿದ್ರು, ಒಬ್ರು 2009ರಲ್ಲೇ ತೀರ್ಕೊಂಡಿದ್ರು, ಇದೆಲ್ಲಾ ನಾನು ಫೋನಲ್ಲಿ ಹುಡುಕಿ ತಿಳ್ಕೊಂಡಿದ್ದು. ಒಂದು ಚೀಟಿ ಬರ್ದು ಕೊನೇ ಪುಟಕ್ಕೆ ಅಂಟಿಸ್ಲಾ ಅಂತ ಮಾಷ್ಟ್ರನ್ನ ಕೇಳ್ದೆ, ಗೋಂದು ಅವ್ರೇ ಕೊಟ್ರು.

ಪುಸ್ತಕ ಈಗ ವಾಪಸ್ ಇಟ್ಟಿದೀನಿ, ಮೇಲಿನ ಸಾಲು, ಬಲಗಡೆ ತುದಿ. ಡಿಕ್ಷನರಿನೂ ಕೇಳಿ ತಗೊಳಿ. ಮಳೆಗಾಲದಲ್ಲಿ ಹೋಗೋದಾದ್ರೆ ಗಟ್ಟಿ ಪ್ಲಾಸ್ಟಿಕ್ ಕವರ್ ನೀವೇ ತಗೊಂಡೋಗಿ, ಅಲ್ಲಿ ಇರಲ್ಲ.