ದಾವಣಗೆರೆಯಲ್ಲಿ ಬೈಕ್ ಸೀಟ್ ಮಾಡಿಸುವವರು ಓದಿ: ಜೆಲ್ ಅಂತ ದುಡ್ಡು ತಗೊಂಡು ಚೂರು ಸ್ಪಂಜು ತುಂಬಿ ಕೊಟ್ಟರು

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಬೈಕ್ ಗೆಳೆಯರೇ, ಲಾಂಗ್ ರೈಡ್‌ಗೆ ಅಂತ ಸೀಟು, ಹ್ಯಾಂಡಲ್, ಫಾಗ್ ಲೈಟ್ ಕೆಲಸ ಮಾಡಿಸುವ ಯೋಚನೆ ಇದ್ದರೆ ಐದು ನಿಮಿಷ ಇದನ್ನು ಓದಿ. ಅಂಗಡಿಯ ಹೆಸರು ಹಾಕುತ್ತಿಲ್ಲ. ದಾವಣಗೆರೆಯದ್ದೇ ಅಂಗಡಿ, ಅಷ್ಟು ಸಾಕು. 9,500 ರೂಪಾಯಿ ತಗೊಂಡು ನನ್ನ ಗಾಡಿಯ ಸೀಟು ಹಾಳು ಮಾಡಿದರು. ಕೇಳೋಕೆ ಹೋದರೆ ನಾಲ್ಕು ಜನರ ಮುಂದೆ ನನ್ನದೇ ತಪ್ಪು ಅನ್ನುವ ಹಾಗೆ ಮಾತಾಡಿ ಕಳಿಸಿದರು. ಇವತ್ತಿಗೂ ಸಿಟ್ಟು ಇಳಿದಿಲ್ಲ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಗಾಡಿ ಬಗ್ಗೆ ದೂರಿಲ್ಲ. ಸಣ್ಣ ಸಣ್ಣ ಕಿರಿಕಿರಿ ಇತ್ತು ಅಷ್ಟೇ. ಇಲ್ಲಿಂದ ಬೆಂಗಳೂರಿಗೆ ಹೆದ್ದಾರಿ 48ರಲ್ಲಿ ಸುಮಾರು 260 ಕಿಲೋಮೀಟರ್. ಚಿತ್ರದುರ್ಗದವರೆಗೆ ಏನೂ ಅನಿಸುವುದಿಲ್ಲ. ಹಿರಿಯೂರು ಬರುವಷ್ಟರಲ್ಲಿ ಕೂತ ಜಾಗ ಜೋಮು ಹಿಡಿಯುತ್ತಿತ್ತು. ಮಣ್ಣು ರಸ್ತೆಯಲ್ಲಿ ಎದ್ದು ನಿಂತು ಓಡಿಸಿದರೆ ಹ್ಯಾಂಡಲ್ ತಗ್ಗು ಅನಿಸುತ್ತಿತ್ತು. ಮತ್ತೆ ಮುಂದೆ ಗಾಳಿ ತಡೆಯುವ ವೈಸರ್ ಗಡಗಡ ಸದ್ದು. ಚಿತ್ರದುರ್ಗದ ಗಾಳಿ ಗೊತ್ತಲ್ವಾ, ಅಲ್ಲಿ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆ ಸದ್ದನ್ನು ಮಾತ್ರ ನಾನೇ ಸರಿಮಾಡಿಕೊಂಡೆ. ವೈಸರ್ ಬೋಲ್ಟ್‌ಗಳಿಗೆ ರಬ್ಬರ್ ವಾಷರ್ ಹಾಕಿದೆ, ನಿಂತುಹೋಯಿತು. ಉಳಿದ ಕೆಲಸಕ್ಕೆ ಈ ಅಂಗಡಿಗೆ ಹೋದೆ.

ಅಂಗಡಿ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಗೋಡೆ ತುಂಬ ಹೆಲ್ಮೆಟ್, ಒಳ್ಳೊಳ್ಳೆ ಗಾಡಿಗಳ ಫೋಟೋ. ಕೌಂಟರ್ ಮೇಲೆ ನೀಲಿ ಬಣ್ಣದ ಜೆಲ್ ಪ್ಯಾಡಿನ ತುಂಡು ಇಟ್ಟಿದ್ದರು. ಅಂಗೈಯಷ್ಟು ಅಗಲ, ಒಂದು ಮೂಲೆಯಲ್ಲಿ ಪೆನ್ನಿನ ಗೀರು. "ಒತ್ತಿ ನೋಡ್ರಿ ಸರ್" ಅಂದರು. ಹೆಬ್ಬೆರಳಲ್ಲಿ ಒತ್ತಿದರೆ ನಿಧಾನಕ್ಕೆ ಒಳಗೆ ಹೋಗಿ ನಿಧಾನಕ್ಕೆ ಮೇಲೆ ಬರುತ್ತಿತ್ತು. "ನಿಮ್ಮ ಸೀಟಿಗೆ ಇದನ್ನೇ ಹಾಕೋದು. ಕೆಳಗೆ ಹೈ ಡೆನ್ಸಿಟಿ ಫೋಮ್, ಮೇಲೆ ವಾಟರ್‌ಪ್ರೂಫ್ ರೆಕ್ಸಿನ್. ಬೆಂಗಳೂರಿಗೆ ಹೋಗಿ ಬಂದ್ರೂ ನೋವಿರಲ್ಲ." ಸೀಟಿಗೆ 4,200, ಹ್ಯಾಂಡಲ್ ಎತ್ತರ ಮಾಡುವ ರೈಸರ್‌ಗೆ 2,300, ಫಾಗ್ ಲೈಟ್‌ಗೆ 3,000. ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ, ಸುಮ್ನೆ ಯಾಕೆ ಸರ್" ಅಂದರು. ಒಂದು ಚೀಟಿಯಲ್ಲಿ "ಸೀಟ್ ವರ್ಕ್" ಅಂತ ಗೀಚಿ ಕೊಟ್ಟರು. ಫೋನ್‌ನಲ್ಲಿ ದುಡ್ಡು ಹಾಕಿದಾಗ ಬಂದ ಹೆಸರು ಅಂಗಡಿಯದ್ದಲ್ಲ, ಬೇರೆ ಯಾರದ್ದೋ. "ನಮ್ಮ ಹುಡುಗನದ್ದೇ" ಅಂದರು.

ಸೀಟು ಹೊಲಿಯುವುದನ್ನು ನೋಡುತ್ತೇನೆ ಅಂದೆ. ವರ್ಕ್‌ಶಾಪ್ ಬೇರೆ ಕಡೆ ಇದೆ, ಅಲ್ಲಿಗೆ ಕಸ್ಟಮರನ್ನು ಬಿಡಲ್ಲ ಅಂದರು. ಸೀಟು ವಾಪಸ್ ಬಂದಾಗ ಕೂತು ನೋಡಿದೆ. ಮೆತ್ತಗೆ ಹಾಯಾಗಿತ್ತು. ಇಲ್ಲೇ ಇರೋದು ಆಟ. ಅಂಗಡಿ ಮುಂದೆ ಎರಡು ನಿಮಿಷ ಕೂತರೆ ಎಂಥ ಸ್ಪಂಜೂ ಹಾಯಾಗೇ ಇರುತ್ತೆ. ದೂರದ ಸವಾರಿಗೆ ಬೇಕಾಗಿರೋದು ಗಟ್ಟಿ ಫೋಮ್. ಮೆತ್ತನೆಯದು ಒಂದು ಗಂಟೆಯಲ್ಲಿ ಕುಸಿದು, ಕೂರುವ ಮೂಳೆ ನೇರ ಕೆಳಗಿನ ಪ್ಲಾಸ್ಟಿಕ್ ಪ್ಲೇಟಿಗೆ ತಾಗುತ್ತೆ.

ಬೆಂಗಳೂರಿಗೆ ಹೊರಟೆ. ಮೊದಲು ಕೈಕೊಟ್ಟದ್ದು ಸೀಟಲ್ಲ, ಹ್ಯಾಂಡಲ್. ಗುಯಿಲಾಳು ಟೋಲ್ ಹತ್ತಿರ ವಾಹನ ನಿಂತಿದ್ದವು. ಪಕ್ಕದ ದಾರಿಗೆ ತಿರುಗಿಸೋಣ ಅಂತ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ಎಳೆದೆ. ಎಕ್ಸಲರೇಟರ್ ಮುಟ್ಟಿಲ್ಲ, ಇಂಜಿನ್ ತಾನಾಗಿಯೇ ರೇಸ್ ಆಯಿತು! ಕ್ಲಚ್ ಅರ್ಧ ಬಿಟ್ಟಿದ್ದೆ, ಗಾಡಿ ಮುಂದಕ್ಕೆ ಹಾರಿತು. ಬ್ರೇಕ್ ಹಿಡಿದಾಗ ಮುಂದಿನ ಕಾರಿಗೂ ನನ್ನ ಚಕ್ರಕ್ಕೂ ಒಂದು ಗೇಣು ಜಾಗ. ಕೈಕಾಲು ನಡುಗುತ್ತಿತ್ತು. ರೈಸರ್ ಹಾಕಿ ಹ್ಯಾಂಡಲ್ ಮೇಲಕ್ಕೆ ಎತ್ತಿದ್ದಾರೆ, ಎಕ್ಸಲರೇಟರ್ ಕೇಬಲ್ ಮಾತ್ರ ಹಳೇ ದಾರಿಯಲ್ಲೇ ಬಿಟ್ಟಿದ್ದಾರೆ. ತಿರುಗಿಸಿದಾಗ ಕೇಬಲ್ ಬಿಗಿಯಾಗಿ ಎಳೆಯುತ್ತೆ, ಇಂಜಿನ್ ರೇಸ್ ಆಗುತ್ತೆ. ಕೇಬಲ್ ದಾರಿ ಬದಲಿಸಬೇಕು, ಇಲ್ಲ ಉದ್ದದ್ದು ಹಾಕಬೇಕು. ಮಾಡೋರಿಗೆ ಇದು ಮೊದಲ ಪಾಠ. ಜೀವದ ಜೊತೆ ಆಟ ಇದು.

ಅಲ್ಲಿಂದ ಸಿರಾ ಮುಟ್ಟುವ ಹೊತ್ತಿಗೆ ಸೀಟಿನ ನಡುವೆ ಗುಂಡಿ. ಒಂದು ಕಡೆ ಗಂಟು, ಇನ್ನೊಂದು ಕಡೆ ಖಾಲಿ. ಹೊಲಿಗೆಯ ಅಂಚು ತೊಡೆಗೆ ಕೊಯ್ಯುತ್ತಿತ್ತು. ಕಂಪನಿ ಸೀಟಲ್ಲಿ ಹಿರಿಯೂರಿಗೆ ಜೋಮು ಹಿಡಿಯುತ್ತಿತ್ತು ಅಂದೆನಲ್ಲ, ಇದರಲ್ಲಿ ಕೂರೋಕೇ ಆಗಲಿಲ್ಲ.

ವಾಪಸ್ ಬರುವಾಗ ಚಿತ್ರದುರ್ಗದಲ್ಲಿ ಸೀಟು ಹೊಲಿಯುವ ಹಿರಿಯರೊಬ್ಬರ ಹತ್ತಿರ ನಿಲ್ಲಿಸಿದೆ. ಅವರು ಸೀಟನ್ನು ಮಗುಚಿ ಹಾಕಿ ಸ್ಕ್ರೂಡ್ರೈವರ್ ತುದಿಯಿಂದ ಪಿನ್ನುಗಳನ್ನು ಒಂದೊಂದೇ ಎಬ್ಬಿಸಿದರು. ರೆಕ್ಸಿನ್ ಸುಲಿದರು. ಆಮೇಲೆ ಏನೂ ಮಾತಾಡದೆ ನನ್ನ ಕಡೆ ತಿರುಗಿಸಿ ಹಿಡಿದರು.

ಜೆಲ್ ಇಲ್ಲ. ಒಂದು ಚೂರೂ ಇಲ್ಲ. ಇದ್ದದ್ದು ಬಿಡಿ ಸ್ಪಂಜಿನ ಚೂರುಗಳು. ಹಳದಿ, ಗುಲಾಬಿ, ಬೂದು. ಒಂದು ಚೂರಿಗೆ ಹಾಸಿಗೆಯ ಹೂವಿನ ಬಟ್ಟೆ ಹಾಗೇ ಅಂಟಿಕೊಂಡಿತ್ತು. ಅದರ ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಾಸಿದ್ದರು, ಅದೇ "ವಾಟರ್‌ಪ್ರೂಫ್". ರೀಬಾಂಡೆಡ್ ಫೋಮ್ ಆಗಿದ್ದರೂ ಒಂದು ಮಾತು, ಅದು ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ಗಟ್ಟಿ ಹಾಳೆ. ಇದು ಅದೂ ಅಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು, ಕಂಪನಿಯ ಸ್ಪಂಜನ್ನು ನಡುವೆ ಹಲಸಿನ ಹಣ್ಣು ಬಗೆದ ಹಾಗೆ ಬಗೆದು ತೆಗೆದಿದ್ದರು. "ಕಂಪನಿದು ಅಚ್ಚಲ್ಲಿ ಹುಯ್ದು ಬಂದಿರುತ್ತೆ ಸರ್, ಹಿಂಗೆ ಕೊಯ್ದ್ರೆ ಮತ್ತೆ ಕೂಡಲ್ಲ" ಅಂದರು ಹಿರಿಯರು. ಪಕ್ಕದಲ್ಲಿ ನಿಂತ ಹುಡುಗರೂ ನೋಡುತ್ತಿದ್ದರು. ಅಲ್ಲಿ ನಿಂತುಕೊಳ್ಳೋಕೇ ನಾಚಿಕೆ ಆಯಿತು.

ಅಲ್ಲಿಂದಲೇ ಅಂಗಡಿಯವರಿಗೆ ಫೋಟೋ ಕಳಿಸಿದೆ. ವಾಟ್ಸಾಪ್‌ನಲ್ಲಿ ನೋಡಿದ್ದಾರೆ, ಉತ್ತರ ಇಲ್ಲ. ರಾತ್ರಿ ಬಂತು: "ಸರ್ ಹೊಸ ಸೀಟು ಸೆಟ್ ಆಗೋಕೆ ಟೈಮ್ ಬೇಕು." ಚೂರು ಸ್ಪಂಜಿನ ಫೋಟೋ ಕಳಿಸಿದ್ದೇನೆ, ಸೆಟ್ ಆಗಬೇಕಂತೆ! ಮತ್ತೆ ಕೇಳಿದ್ದಕ್ಕೆ: "ನೀವು ಬೇರೆ ಕಡೆ ಬಿಚ್ಚಿಸಿದ್ದೀರಿ, ಇನ್ನು ನಮಗೆ ಸಂಬಂಧ ಇಲ್ಲ." ಬಿಚ್ಚದೆ ಒಳಗೆ ಏನಿದೆ ಅಂತ ಗೊತ್ತಾಗೋದು ಹೇಗೆ?

ಅಂಗಡಿಗೇ ಹೋದೆ. ಆ ಮಾತುಗಳನ್ನು ಹಾಗೆಯೇ ಬರೆಯುತ್ತೇನೆ.

"ಜೆಲ್ ಎಲ್ಲಿ?" ಅಂದೆ.

"ಬಿಸಿಲಿಗೆ ಕರಗಿರುತ್ತೆ ಸರ್."

"ಕರಗಿ ಎಲ್ಲಿಗೆ ಹೋಯ್ತು?"

"ಸ್ಪಂಜು ಕುಡಿದಿರುತ್ತೆ."

ಜೆಲ್ ಪ್ಯಾಡ್ ಬಿಸಿಲಿಗೆ ಕಾಯುತ್ತೆ, ಬಿಸಿಲಲ್ಲಿ ನಿಲ್ಲಿಸಿದರೆ ಕೂರೋಕೆ ಆಗದಷ್ಟು ಕಾಯುತ್ತೆ. ಕರಗಿ ಮಾಯ ಆಗೋದಿಲ್ಲ. ಹೋಗಲಿ, ನನ್ನ ಹಳೇ ಸ್ಪಂಜು ಕೊಡಿ ಅಂದೆ. "ಅದು ವೇಸ್ಟು ಸರ್, ಎಸೆದ್ವಿ." ನನ್ನ ಗಾಡಿಯ ಸ್ಪಂಜನ್ನು ನನ್ನನ್ನು ಕೇಳದೆ ಎಸೆಯೋಕೆ ಇವರು ಯಾರು? ಹ್ಯಾಂಡಲ್ ವಿಷಯ ಎತ್ತಿದೆ. "ಐಡ್ಲಿಂಗ್ ಕಮ್ಮಿ ಮಾಡಿ ಕೊಡ್ತೀನಿ, ಗಾಡಿ ತನ್ನಿ." ಐಡ್ಲಿಂಗ್ ಅಂದ್ರೆ ಎಕ್ಸಲರೇಟರ್ ಮುಟ್ಟದಿದ್ದಾಗ ಇಂಜಿನ್ ಓಡುವ ವೇಗ. ಅದನ್ನು ಕಮ್ಮಿ ಮಾಡಿದರೆ ಕೇಬಲ್ ಉದ್ದ ಆಗುತ್ತಾ? ಕೊನೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ವೇಟೂ ಸ್ವಲ್ಪ ಜಾಸ್ತಿ ಐತಿ ಸರ್" ಅಂದರು. ಅಂಗಡಿಯಲ್ಲಿದ್ದವರು ನಕ್ಕರು. ನಾನು ದನಿ ಎತ್ತಿದ್ದಕ್ಕೆ "ಕಸ್ಟಮರ್ ಅದಾರೆ, ಮೆಲ್ಲಗೆ ಮಾತಾಡ್ರಿ." ಹಾಗಾದರೆ ನಾನು ಯಾರು?

ಅದೇ ಹೊತ್ತಿಗೆ ಕಾಲೇಜು ಹುಡುಗನೊಬ್ಬ ಕೌಂಟರ್ ಹತ್ತಿರ ನಿಂತು ಅದೇ ನೀಲಿ ತುಂಡನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದ. ಮೂಲೆಯಲ್ಲಿ ಅದೇ ಪೆನ್ನಿನ ಗೀರು. ಅವನಿಗೆ ನನ್ನ ಫೋನಲ್ಲಿದ್ದ ಫೋಟೋ ತೋರಿಸಿಯೇ ಹೊರಗೆ ಬಂದೆ.

ಫಾಗ್ ಲೈಟಿನ ಕಥೆ ಬೇರೆ ಮೆಕ್ಯಾನಿಕ್ ನೋಡಿದಾಗ ಗೊತ್ತಾಯಿತು. ಬ್ಯಾಟರಿಯಿಂದ ಲೈಟಿಗೆ ಬೇರೆಯಾಗಿ ಕರೆಂಟ್ ಕೊಡುವ ರಿಲೇ ಸ್ವಿಚ್ ಇಲ್ಲ, ಬೇರೆ ಫ್ಯೂಸ್ ಇಲ್ಲ. ಹೆಡ್‌ಲೈಟಿನ ವೈರ್ ಸುಲಿದು ತಿರುಚಿ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಸಿಗೆ ಮೆತ್ತಗಾಗಿ ಕೈಗೆ ಅಂಟುತ್ತಿತ್ತು.

ಕೆಲಸ ಮಾಡಿಸುವವರಿಗೆ ಹೇಳೋದಿಷ್ಟು. ಕಂಪನಿ ಸೀಟನ್ನು ಕೊಯ್ಯೋಕೆ ಕೊಡಬೇಡಿ, ಹಳೇ ಸೀಟು ಇನ್ನೊಂದು ಸಿಕ್ಕರೆ ಅದರ ಮೇಲೆ ಮಾಡಿಸಿ, ಇಲ್ಲ ಮೇಲೆ ಕಟ್ಟುವ ಗಾಳಿ ಕುಷನ್ ತಗೊಳ್ಳಿ. ಕಣ್ಣೆದುರು ಹೊಲಿಯಲ್ಲ ಅಂದವರಿಗೆ ಕೆಲಸವೇ ಕೊಡಬೇಡಿ. ಬಿಲ್‌ನಲ್ಲಿ "ಜೆಲ್ ಪ್ಯಾಡ್" ಅಂತ ಬರೆಸಿ, ದುಡ್ಡು ಅಂಗಡಿ ಹೆಸರಿಗೇ ಹಾಕಿ. ರೈಸರ್ ಹಾಕಿಸಿದರೆ ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಎರಡೂ ಕಡೆ ಪೂರ್ತಿ ತಿರುಗಿಸಿ ಸದ್ದು ಕೇಳಿ. ಸದ್ದು ಏರಿದರೆ ಅಲ್ಲೇ ಬಿಚ್ಚಿಸಿ.

ದುಡ್ಡು ವಾಪಸ್ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತಿದ್ದೇನೆ, 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಚೀಟಿ, ದುಡ್ಡು ಹಾಕಿದ ದಾಖಲೆ, ವಾಟ್ಸಾಪ್ ಮಾತು, ಸೀಟು ಬಿಚ್ಚಿದ ಫೋಟೋ ಎಲ್ಲ ಜೋಡಿಸಿಟ್ಟಿದ್ದೇನೆ. "ಸೀಟ್ ವರ್ಕ್" ಅಂತ ಬರೆದ ಇಂಥದೇ ಚೀಟಿ ನಿಮ್ಮ ಹತ್ತಿರವೂ ಇದ್ದರೆ ಎಸೆಯಬೇಡಿ. ಸೀಟು ಬಿಚ್ಚಿಸುವಾಗ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಿಡಿಯೋ ಮಾಡಿ, ಆಮೇಲೆ ನನಗೆ ತಿಳಿಸಿ.