ಮೈಎಸ್‌ಕ್ಯೂಎಲ್‌ಐ ಪರ್ಸಿಸ್ಟೆಂಟ್ ಕನೆಕ್ಷನ್: ಮೂರು ಕಾಫಿ ಸೀಸನ್ ಬಳಸಿದ ಮೇಲೆ

ಚಿಕ್ಕಮಗಳೂರಿನ ಕಾಫಿ ಖರೀದಿ ಗೋಡೌನ್ ಒಂದಕ್ಕೆ ತೂಕದ ಚೀಟಿ ತೆಗೆಯುವ ಸಾಫ್ಟ್‌ವೇರನ್ನು ಪಿಎಚ್‌ಪಿ ಭಾಷೆಯಲ್ಲಿ ಬರೆದುಕೊಟ್ಟಿದ್ದು ನಾನೇ. ಅದರ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುವುದು ಬೆಂಗಳೂರಿನ ಸರ್ವರ್‌ನಲ್ಲಿ. ಪ್ರತಿ ಚೀಟಿಗೂ ಹೊಸ ಕನೆಕ್ಷನ್ ತೆರೆದು ಲಾಗಿನ್ ಆಗುವಷ್ಟರಲ್ಲಿ ಸ್ಕ್ರೀನ್ ಸುತ್ತುತ್ತಾ ಕೂರುತ್ತಿತ್ತು, ಗೇಟಿನಲ್ಲಿ ಪಿಕಪ್‌ಗಳ ಸಾಲು. ಅದಕ್ಕೇ ಪರ್ಸಿಸ್ಟೆಂಟ್ ಕನೆಕ್ಷನ್‌ಗೆ, ಅಂದರೆ ಒಮ್ಮೆ ತೆರೆದದ್ದನ್ನು ಮುಚ್ಚದೆ ಮುಂದಿನ ಚೀಟಿಗೂ ಬಳಸುವ ಪದ್ಧತಿಗೆ ಬಂದೆ.

ಮೊದಲು ಹಿಡಿದದ್ದು ಪಿಡಿಒ, ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಒಂದು ಸಲಕರಣೆ. ವೇಗವೇನೋ ಬಂತು. ಆದರೆ ಜನವರಿಯ ಒಂದು ಮಧ್ಯಾಹ್ನ, 12 ಮೂಟೆ ರೋಬಸ್ಟಾ ಚೆರಿ ಹಾಕಿದ ಬೆಳೆಗಾರರೊಬ್ಬರು ಚೀಟಿ ಹಿಡಿದು ವಾಪಸ್ ಬಂದರು. ಅದರಲ್ಲಿ 40 ಮೂಟೆ! "ನಮ್ ತೋಟದಲ್ಲಿ ಇಷ್ಟ್ ಬೆಳೆದಿದ್ರೆ ಬ್ಯಾಂಕಿನವರು ಯಾಕ್ರೀ ಮನೆ ಬಾಗಿಲಿಗೆ ಬರ್ತಿದ್ರು?" ಅಂದರು. ಅದೇ ಚೀಟಿ ಮತ್ತೆ ತೆಗೆದರೆ 12 ಸರಿಯಾಗಿ ಬಂತು. ತಲೆ ಕೆಟ್ಟುಹೋಯಿತು.

ಮೂಟೆ ಕೂಡಿಸಲು ಸೆಷನ್ ವೇರಿಯಬಲ್ (ಕನೆಕ್ಷನ್ ಇರುವವರೆಗೆ ಡೇಟಾಬೇಸ್ ನೆನಪಿಡುವ ಸಂಖ್ಯೆ) ಒಂದನ್ನು ಬಳಸಿ, ಚೀಟಿ ಮುಗಿದ ಮೇಲೆ ಸೊನ್ನೆ ಮಾಡುತ್ತಿದ್ದೆ. ಅವತ್ತು ಹಿಂದಿನವರ ಚೀಟಿಯ ಹೊತ್ತಿಗೆ ಪ್ರಿಂಟರ್ ಕೈಕೊಟ್ಟು ಸ್ಕ್ರಿಪ್ಟ್ ಅರ್ಧಕ್ಕೇ ಸತ್ತಿತ್ತು. ಸ್ಕ್ರಿಪ್ಟ್ ಸತ್ತರೂ ಕನೆಕ್ಷನ್ ಬದುಕಿತ್ತು, ಅದರೊಳಗೆ ಅವರ 28 ಮೂಟೆಯೂ. ಹಳೆಯ ಕನೆಕ್ಷನ್ ಕೊಡುವಾಗ ಪಿಡಿಒ ಈ ವೇರಿಯಬಲ್, ಟೆಂಪರರಿ ಟೇಬಲ್‌ಗಳನ್ನು ಒರೆಸುವುದಿಲ್ಲ. ತಪ್ಪು ನನ್ನದೇ, ಬಿಡಿ. ಶುರುವಿನಲ್ಲೇ ಸೊನ್ನೆ ಮಾಡಬೇಕಿತ್ತು.

ಆಮೇಲೆ ಅದೇ ಕೆಲಸದ, ಮೈಎಸ್‌ಕ್ಯೂಎಲ್‌ಗೆಂದೇ ಇರುವ ಇನ್ನೊಂದು ಸಲಕರಣೆ ಮೈಎಸ್‌ಕ್ಯೂಎಲ್‌ಐಗೆ ಬದಲಾಯಿಸಿದೆ. ಹೋಸ್ಟ್ (ಡೇಟಾಬೇಸ್ ಸರ್ವರ್) ಹೆಸರಿಗೂ ಮೊದಲು 'ಪಿ' ಅಕ್ಷರ, ಒಂದು ಕೋಲನ್, ಅಷ್ಟೇ, ಪಿಎಚ್‌ಪಿ 5.3ರಿಂದ ಈ ಸೌಲಭ್ಯವಿದೆ. ಕನೆಕ್ಷನ್ ಮರುಬಳಸುವ ಮುನ್ನ ಇದು ತಾನೇ 'ಚೇಂಜ್ ಯೂಸರ್' (ಅದೇ ಕನೆಕ್ಷನ್‌ನಲ್ಲಿ ಮತ್ತೆ ಲಾಗಿನ್ ಆಗುವ ಆದೇಶ) ಕರೆಯುತ್ತದೆ: ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ (ರದ್ದು), ಲಾಕ್ ಬಿಡುಗಡೆ, ಟೆಂಪರರಿ ಟೇಬಲ್, ವೇರಿಯಬಲ್ ಎಲ್ಲ ಮಾಯ. ಕ್ಯಾಂಟೀನಿನಲ್ಲಿ ಲೋಟ ತೊಳೆದು ಮುಂದಿನವರಿಗೆ ಕಾಫಿ ಕೊಟ್ಟ ಹಾಗೆ. ರಾತ್ರಿ ಗೋಡೌನ್ ಮುಚ್ಚಿದ ಮೇಲೆ 28,800 ಸೆಕೆಂಡ್, ಅಂದರೆ 8 ಗಂಟೆ ಸುಮ್ಮನಿದ್ದ ಕನೆಕ್ಷನ್ನನ್ನು ಮೈಎಸ್‌ಕ್ಯೂಎಲ್ ಕತ್ತರಿಸುತ್ತದಲ್ಲ, ಬೆಳಿಗ್ಗೆ ಅದನ್ನೂ ಗುರುತಿಸಿ ಹೊಸದು ತೆರೆಯುತ್ತದೆ.

ತೊಳೆಯುವಾಗ ನಮಗೆ ಬೇಕಾದದ್ದೂ ಹೋಗುತ್ತದೆ. ಟೈಮ್‌ಝೋನನ್ನು ಕನೆಕ್ಷನ್ ಹುಟ್ಟುವಾಗ ಒಮ್ಮೆ ಮಾತ್ರ ಇಟ್ಟಿದ್ದೆ. ಎರಡು ದಿನ ಚೀಟಿಗಳಲ್ಲಿ ಐದೂವರೆ ಗಂಟೆ ಹಿಂದಿನ ಸಮಯ. ಈಗ ಪ್ರತಿ ಸ್ಕ್ರಿಪ್ಟಿನ ತಲೆಯಲ್ಲೇ ಇಡುತ್ತೇನೆ. ಪ್ರತಿ ಸಲ ಲಾಗಿನ್ ತಪಾಸಣೆ ಮತ್ತೆ ನಡೆಯುವುದರಿಂದ ಪಿಡಿಒಗಿಂತ ತುಸು ನಿಧಾನ. ಲಾಗಿನ್ ಇಲ್ಲದೆ ಒರೆಸುವ ಹಗುರ ಆದೇಶ ಮೈಎಸ್‌ಕ್ಯೂಎಲ್ 5.7ರಲ್ಲೇ ಬಂದಿದ್ದರೂ ಇದು ಹಳೇ ದಾರಿಯಲ್ಲೇ ಇದೆ. ಒಂದು ಸ್ಟಾರ್ ಅಲ್ಲಿ ಕಡಿದೆ, ಐದಕ್ಕೆ ನಾಲ್ಕು.

ನನ್ನದು 8 ವರ್ಕರ್ (ಒಟ್ಟಿಗೆ ಓಡುವ ಪಿಎಚ್‌ಪಿ ಪ್ರೋಸೆಸ್), 8 ಕನೆಕ್ಷನ್. ನೂರಾರು ವರ್ಕರ್ ಓಡಿಸುವವರು ಮೈಎಸ್‌ಕ್ಯೂಎಲ್‌ನ ಡಿಫಾಲ್ಟ್ ಮಿತಿ 151 ಕನೆಕ್ಷನ್ ಎಂಬುದನ್ನು ಮೊದಲು ನೋಡಿಕೊಳ್ಳಿ.