ಮನೆಗೇ ಬರುವ ಥೆರಪಿ ಸೇವೆ: ಎರಡು ವರ್ಷ ಬಳಸಿದ ಮೇಲೆ

ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಹಿಡಿತಕ್ಕೆ ಬರುವುದಿಲ್ಲ. ವಯಸ್ಸು ಇಪ್ಪತ್ತು ದಾಟಿದೆ. ಮಾತು ನಿಧಾನ, ತಲೆ ಚುರುಕು. ಕಲಬುರಗಿಯಲ್ಲಿ ಮನೆಗೇ ಬಂದು ಥೆರಪಿ ಕೊಡುವ ಒಂದು ಖಾಸಗಿ ಸೇವೆ ತಗೊಂಡು ಎರಡು ವರ್ಷದ ಮೇಲಾಯಿತು. ಬೈಯುವುದೂ ಇದೆ, ಅದಕ್ಕೇ ಹೆಸರು ಹಾಕುತ್ತಿಲ್ಲ.

"ಒಬ್ಬೊಬ್ಬರಿಗೂ ಬೇರೆ ಪ್ಲಾನ್" ಅಂತ ಜಾಹೀರಾತು. ಮೊದಲು ಬಂದ ಪ್ಲಾನ್ ಮಾತ್ರ ಸಣ್ಣ ಮಕ್ಕಳದ್ದು. ಬಣ್ಣದ ಉಂಗುರ ಜೋಡಿಸು, ಚೆಂಡು ಹಿಡಿ! ಪ್ರಶ್ನೆಗಳನ್ನೆಲ್ಲ ಅವ್ವನಿಗೇ ಕೇಳುತ್ತಿದ್ದರು. ಪಕ್ಕದಲ್ಲಿದ್ದ ತಮ್ಮ ಕೊನೆಗೆ "ನನ್ನ ಕೇಳ್ರಿ" ಅಂದ. ಅವನಿಗೆ ಬೇಕಿದ್ದದ್ದು ಎರಡೇ: ತನ್ನ ಕೈಯಿಂದ ಉಣ್ಣಬೇಕು, ಓಣಿ ತುದಿಯ ಚಹಾದಂಗಡಿಗೆ ತಾನೇ ಹೋಗಬೇಕು.

ಆಮೇಲೆ ಬಂದ ಥೆರಪಿಸ್ಟ್ ಮೇಡಂ ಅಲ್ಲಿಂದಲೇ ಶುರು ಮಾಡಿದರು. ಚಮಚದ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರು, ಚಮಚದ ಕುತ್ತಿಗೆಯನ್ನು ಅವನ ಬಾಯಿ ಕಡೆಗೆ ಬಗ್ಗಿಸಿದರು. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಬ್ಯಾಳಿಯಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಈಗ ತಾನೇ ಉಣ್ಣುತ್ತಾನೆ. ಅರ್ಧ ಅಂಗಿ ಮೇಲೆ, ಇರಲಿ ಬಿಡಿ.

ಗಾಲಿಕುರ್ಚಿ ಹೊಸ್ತಿಲು ದಾಟಲು ಬೇಕಾದ ಇಳಿಜಾರನ್ನೂ ಅವರೇ ಅಳೆದು ಹೇಳಿದರು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕಂತೆ. ನಮ್ಮ ಹೊಸ್ತಿಲು ಅರ್ಧ ಅಡಿ, ಹಾಗಾಗಿ 6 ಅಡಿ. ಗೌಂಡಿ ನುಣುಪಾದ ಶಹಾಬಾದ ಪರಸಿ (ಕಲ್ಲುಚಪ್ಪಡಿ) ಹಾಕಲು ಹೊರಟಿದ್ದ. ಮಳೆಗಾಲದಲ್ಲಿ ಗಾಲಿ ಜಾರುತ್ತೆ ಅಂತ ತಡೆದು, ಒರಟು ಮೈ ಮೇಲೆ ಬರುವಂತೆ ಹಾಕಿಸಿದರು.

ಆ ಮೇಡಂ ಕೆಲಸ ಬಿಟ್ಟರು. ಆಮೇಲೆ ಬಂದವರೆಲ್ಲ ಮತ್ತೆ ಉಂಗುರದಿಂದಲೇ ಶುರು. ಹಳೇ ಫೈಲ್ ಯಾರೂ ಓದುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಸಮಯ ಕೊಡುತ್ತಾರೆ. ನಮ್ಮೂರ ಬಿಸಿಲಲ್ಲಿ ಆ ಹೊತ್ತಿಗೆ ವ್ಯಾಯಾಮ ಮಾಡಿಸುವುದುಂಟಾ? ಜಗಳಾಡಿ ಬೆಳಗ್ಗೆಗೆ ಬದಲಿಸಿಕೊಂಡೆವು.

ಖರ್ಚು ಜಾಸ್ತಿ. ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಸಿಗುತ್ತೆ. ಥೆರಪಿಗೂ ಒಂದು ಮಿತಿಯವರೆಗೆ ಕೊಡುತ್ತಾರೆ. ಪ್ರತಿ ವರ್ಷ ನವೀಕರಿಸಬೇಕು. ಇದನ್ನು ಸೇವೆಯವರು ತಾವಾಗಿ ಹೇಳಲೇ ಇಲ್ಲ. ಹಳ್ಳಿ ಕಡೆಯವರು ಮೊದಲು ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕಾಣಿ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಳ್ಳಿ.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಆ ಮೇಡಂಗೆ. ಸೇರುವ ಮುಂಚೆ ಒಂದು ಕೇಳಿ: ಈಗಿನ ಥೆರಪಿಸ್ಟ್ ಬಿಟ್ಟುಹೋಗುವ ಮುಂಚೆ ಹೊಸಬರು ಅವರ ಜೊತೆ ಒಂದೆರಡು ಸಲವಾದರೂ ಮನೆಗೆ ಬರ್ತಾರಾ?